ನಿಂತ ನೀರಿನಲ್ಲಿ ನಡೆಯುವ ಉಪ್ಪು

ಪ್ರಶ್ನೆ: ನಮ್ಮ ಎರೆಹೊಲದಲ್ಲಿ ಜೋರು ಮಳೆ ಬಿದ್ದರೆ ನೀರು ಬೇಗ ಇಂಗುವುದೇ ಇಲ್ಲ. ಅಣುತ್ಯಾಜ್ಯವನ್ನು ಇಂಥದೇ ಜೇಡಿಮಣ್ಣಿನಲ್ಲಿ ಹೂಳುವ ಯೋಜನೆ ಇದೆಯಂತೆ. ನೀರೇ ದಾಟದ ಮಣ್ಣನ್ನು ನೀರಿನಲ್ಲಿ ಕರಗಿದ ಉಪ್ಪು ದಾಟೀತೇ?
– ಓದುಗರೊಬ್ಬರು, ನರಗುಂದ

ಉತ್ತರ: ದಾಟುತ್ತದೆ. ಸೋರಿಕೊಂಡಲ್ಲ, ನುಸುಳಿಕೊಂಡು. ಸೋರುವುದಕ್ಕೆ ನೀರು ಹರಿಯಬೇಕು. ನುಸುಳುವುದಕ್ಕೆ ನೀರು ಇದ್ದರೆ ಸಾಕು.

ಕರಗಿದ ಉಪ್ಪಿನ ಅಯಾನುಗಳಿಗೆ, ಅಂದರೆ ಆವೇಶವುಳ್ಳ ಸೋಡಿಯಂ, ಕ್ಲೋರೈಡ್ ಕಣಗಳಿಗೆ, ಸುತ್ತಲಿನ ನೀರಿನ ಅಣುಗಳು ಒಂದೇ ಸಮನೆ ಢಿಕ್ಕಿ ಹೊಡೆಯುತ್ತಿರುತ್ತವೆ. ಹೀಗಾಗಿ ಅಯಾನುಗಳು ದಿಕ್ಕಿಲ್ಲದೆ ಅಲೆಯುತ್ತವೆ. ದಟ್ಟವಿದ್ದ ಕಡೆಯಿಂದ ವಿರಳವಿದ್ದ ಕಡೆಗೆ ಹೊರಟವುಗಳ ಸಂಖ್ಯೆ ಸಹಜವಾಗಿಯೇ ಹೆಚ್ಚು. ಇದೇ ವಿಸರಣೆ. ಇದರ ನಿಯಮವನ್ನು 1855ರಲ್ಲಿ ಬರೆದಿಟ್ಟವರು ಜರ್ಮನಿಯ ಶರೀರವಿಜ್ಞಾನಿ ಅಡಾಲ್ಫ್ ಫಿಕ್. ಅಲುಗದ ನೀರಿನಲ್ಲಿ ಕ್ಲೋರೈಡ್ ದಿನಕ್ಕೆ ಸುಮಾರು 2 ಸೆಂ.ಮೀ. ಸರಿಯುತ್ತದೆ. ಹಾಗೆಂದು ವರ್ಷಕ್ಕೆ 7 ಮೀಟರ್ ಎಂದು ಗುಣಿಸಬೇಡಿ, 35 ಸೆಂ.ಮೀ. ಆಸುಪಾಸು ಅಷ್ಟೇ. ಅಲೆಮಾರಿಯ ನಡಿಗೆ ನೋಡಿ, ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಕಾಲ ಬೇಕು.

ಇನ್ನು ಮಣ್ಣಿಗೆ ಬರೋಣ. ನಿಮ್ಮ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹಾಳೆ ಹಾಳೆಯಾಗಿರುತ್ತದೆ. ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್. ಒಂದೇ ಗ್ರಾಮಿನ ಹಾಳೆಗಳನ್ನೆಲ್ಲ ಬಿಡಿಸಿ ಹರಡಿದರೆ 700 ಚದರ ಮೀಟರಿಗೂ ಮಿಕ್ಕ ಮೈ! ಇದನ್ನು ಒತ್ತಿ ಗಟ್ಟಿಮಾಡಿದಾಗ ಹಾಳೆಗಳ ನಡುವೆ ಉಳಿಯುವುದು ಎರಡು ಮೂರು ಸಾಲು ನೀರಿನ ಅಣುಗಳಿಗೆ ಸಾಲುವಷ್ಟು ಜಾಗ. ದಾರಿಯೂ ಸೊಟ್ಟ. ಹೀಗಾಗಿ ವಿಸರಣೆ ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ನಿಧಾನ.

ಆದರೆ ಜೇಡಿಯನ್ನು ಬರಿಯ ಸಣ್ಣ ಕಣ್ಣಿನ ಜರಡಿ ಎಂದುಕೊಂಡರೆ ತಪ್ಪಾಗುತ್ತದೆ. ಹಾಳೆಯೊಳಗೆ ಅಲ್ಯೂಮಿನಿಯಂ ಇರಬೇಕಾದ ಕೆಲವು ಕಡೆ ಮೆಗ್ನೀಸಿಯಂ ಕೂತಿರುತ್ತದೆ. ಅದರ ಧನ ಆವೇಶ ಒಂದು ಕಡಿಮೆ. ಆದ್ದರಿಂದ ಇಡೀ ಹಾಳೆಗೆ ಋಣ ಆವೇಶ. ತಾನೂ ಋಣವೇ ಆದ ಕ್ಲೋರೈಡನ್ನು ಅದು ದೂರ ತಳ್ಳುತ್ತದೆ. ಇಕ್ಕಟ್ಟಿನ ಸಂದುಗಳೊಳಗೆ ಕ್ಲೋರೈಡಿಗೆ ಪ್ರವೇಶ ಇಲ್ಲವೆನ್ನುವಷ್ಟು ಕಡಿಮೆ. ಸೋಡಿಯಂನಂಥ ಧನ ಅಯಾನುಗಳನ್ನು ಹಾಳೆ ಬರಮಾಡಿಕೊಳ್ಳುತ್ತದೆ. ಬರಮಾಡಿಕೊಂಡ ಮೇಲೆ ಕಟ್ಟಿಹಾಕುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಸೋಡಿಯಂ ಮಟ್ಟಿಗೆ ಅದು ಸಡಿಲ ಹಿಡಿತ. ಹಾಳೆಯ ಮೈ ಸವರಿಕೊಂಡೇ ಅದು ಮುಂದೆ ಜಾರಬಲ್ಲದು. ನಿಜಕ್ಕೂ ಸಿಕ್ಕಿಬೀಳುವುದು ಅಣುತ್ಯಾಜ್ಯದಲ್ಲಿರುವ ಸೀಸಿಯಂ. ಇಲೈಟ್ ಎಂಬ ಇನ್ನೊಂದು ಜೇಡಿ ಖನಿಜದ ಅಂಚುಗಳಿಗೆ ಅದು ಬಲವಾಗಿ ಅಂಟಿಕೊಳ್ಳುತ್ತದೆ.

ಇದನ್ನು ಅಳೆದು ನೋಡಿದ್ದೂ ಉಂಟು. ಸ್ವಿಟ್ಜರ್ಲೆಂಡಿನ ಮಾಂಟ್ ಟೆರ್ರಿಯಲ್ಲಿ ಬೆಟ್ಟದೊಳಗೆ 1996ರಿಂದ ಒಂದು ಸುರಂಗ ಪ್ರಯೋಗಾಲಯ ನಡೆಯುತ್ತಿದೆ. ಸುತ್ತಲಿರುವುದು ಸುಮಾರು 17.5 ಕೋಟಿ ವರ್ಷ ಹಳೆಯ ಓಪಲಿನಸ್ ಜೇಡಿಶಿಲೆ. ಅಲ್ಲಿ ಕೊಳವೆ ಕೊರೆದು, ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಬೆರೆಸಿದ ನೀರು, ಅಯೊಡೈಡ್, ಸೋಡಿಯಂ, ಸೀಸಿಯಂ ಸೇರಿಸಿದ ದ್ರಾವಣವನ್ನು ತಿಂಗಳುಗಟ್ಟಲೆ ಅದರಲ್ಲಿ ಸುತ್ತಿಸಿದರು. ಆಮೇಲೆ ಕೊಳವೆಯ ಸುತ್ತಲಿನ ಶಿಲೆಯನ್ನೇ ಕೊರೆದು ತೆಗೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಅಳೆದರು. ಟ್ರಿಟಿಯಂ ನೀರು ದೂರ ಹೋಗಿತ್ತು. ಸೀಸಿಯಂ ಗೋಡೆ ಬಿಟ್ಟು ಕೆಲವೇ ಸೆಂಟಿಮೀಟರ್ ಸರಿದಿತ್ತು.

ನನಗೆ ಇದಕ್ಕಿಂತ ಹಿಡಿಸುವ ಸಾಕ್ಷಿ ಆ ಶಿಲೆಯಲ್ಲೇ ಇದೆ. ನೂರು ಮೀಟರಿಗೂ ದಪ್ಪದ ಆ ಪದರದ ಒಳಭಾಗದಲ್ಲಿ ಕ್ಲೋರೈಡ್ ಹೆಚ್ಚು, ಸಿಹಿನೀರಿರುವ ಎರಡೂ ಅಂಚುಗಳತ್ತ ಹೋದಂತೆ ಕಡಿಮೆ. ಹಳೆಯ ಕಡಲಿನ ಉಪ್ಪು ಲಕ್ಷಾಂತರ ವರ್ಷಗಳಿಂದ ಹೀಗೆ ನುಸುಳುತ್ತ ಬಂದರೂ ಇನ್ನೂ ಪೂರ್ತಿ ಹೊರಬಿದ್ದಿಲ್ಲ.

ನಿಮ್ಮ ಹೊಲಕ್ಕೆ ಮಾತ್ರ ಬೇಸಿಗೆಯಲ್ಲಿ ಈ ಲೆಕ್ಕ ಹಚ್ಚಬೇಡಿ. ಒಣಗಿದ ಎರೆ ಕೈ ತೂರುವಷ್ಟು ಬಿರಿದಾಗ ಮೊದಲ ಮಳೆ ನೇರ ಕೆಳಕ್ಕಿಳಿಯುತ್ತದೆ, ಉಪ್ಪೂ ಅದರ ಜೊತೆಗೆ. ತ್ಯಾಜ್ಯದ ಡಬ್ಬಿಯ ಸುತ್ತ ತುಂಬುವ ಬೆಂಟೊನೈಟ್ ಎಂಬ ಜೇಡಿಯನ್ನು ಆಳದಲ್ಲಿ ತೇವವಾಗಿ, ಉಬ್ಬಲು ಜಾಗವಿಲ್ಲದಂತೆ ಬಿಗಿಯಾಗಿ ಇಡುವುದು ಈ ಬಿರುಕು ಬಾರದಿರಲೆಂದೇ.