ಸೇಲಂ–ಧರ್ಮಪುರಿ: ಹೆಣ್ಣು ಶಿಶುಹತ್ಯೆಯನ್ನು ಲೆಕ್ಕ ಹಾಕುವುದು ಹೇಗೆ?

ಲಿಂಗಾಧಾರಿತ ಸ್ತ್ರೀಹತ್ಯೆಯನ್ನು ಅಳೆಯುವ ಚೌಕಟ್ಟಿಗೆ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಸಂಗಾತಿ ಅಥವಾ ಕುಟುಂಬದವರು ಉದ್ದೇಶಪೂರ್ವಕವಾಗಿ ಕೊಂದದ್ದು ಅದರ ಮುಖ್ಯ ವರ್ಗ. ಆದರೆ ಪೊಲೀಸ್ ದಾಖಲೆಯನ್ನಷ್ಟೇ ನಂಬಿದರೆ ತಮಿಳುನಾಡಿನ ಸೇಲಂ ಜಿಲ್ಲೆಯಲ್ಲೂ ಪಕ್ಕದ ಧರ್ಮಪುರಿಯಲ್ಲೂ ಸತ್ತ ಹೆಣ್ಣು ಶಿಶುಗಳು ಲೆಕ್ಕಕ್ಕೇ ಸಿಗುವುದಿಲ್ಲ. ಹೆರಿಗೆ ಮನೆಯಲ್ಲಿ, ಮಣ್ಣು ಮಾಡಿದವರೂ ಮನೆಯವರೇ; ದೂರು ಕೊಡುವವರು ಯಾರು? ಸುಳಿವು ಕೊಟ್ಟದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆ. 1990ರ ದಶಕದಲ್ಲಿ ಅಲ್ಲಿ ಹೆಣ್ಣು ಶಿಶುವಿನ ಸಾವಿಗೆ ‘ಸಾಮಾಜಿಕ ಕಾರಣ’ ಎಂದೇ ಬರೆಯುತ್ತಿದ್ದರು. ಇಂಥ ಸಾವುಗಳನ್ನು ತಡೆಯಲು ತಂದ ತಮಿಳುನಾಡಿನ ತೊಟ್ಟಿಲು ಮಗು ಯೋಜನೆ 1992ರಲ್ಲಿ ಮೊದಲು ಆರಂಭವಾದದ್ದು ಸೇಲಂನಲ್ಲಿ (ನೆನಪಿಡಿ).

2001ರ ಜನಗಣತಿಯಲ್ಲಿ 0–6 ವಯಸ್ಸಿನ ಲಿಂಗಾನುಪಾತ (ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು) ಸೇಲಂನಲ್ಲಿ 851, ಧರ್ಮಪುರಿಯಲ್ಲಿ 826. ಇದಕ್ಕೆ ಭ್ರೂಣಲಿಂಗ ಪತ್ತೆಯೂ ಕಾರಣವಿರಬಹುದು, ಇದೊಂದೇ ಕೊಲೆಗೆ ಸಾಕ್ಷಿಯಲ್ಲ ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಆದ್ದರಿಂದಲೇ ಜನನಕಾಲದ ಲಿಂಗಾನುಪಾತವನ್ನೂ ಹುಟ್ಟಿದ ಮೊದಲ ವಾರದ ಸಾವುಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಸಹಜವಾಗಿ ಮೊದಲ ವಾರದಲ್ಲಿ ಗಂಡು ಶಿಶುಗಳೇ ಹೆಚ್ಚು ಸಾಯುತ್ತವೆ. ಈ ಲೆಕ್ಕ ತಿರುವುಮುರುವಾದರೆ ಬಲವಾದ ಅನುಮಾನಕ್ಕೆ ಆಧಾರವಿದೆ. ಪರೀಕ್ಷೆಯಲ್ಲಿ ಗೊಂದಲವಾಗುವುದೂ ಇಲ್ಲೇ: ಶಿಶುಹತ್ಯೆ ಹುಟ್ಟಿದ ಮೇಲಿನದು, ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ 1994ರದು, ಜಾರಿಗೆ ಬಂದದ್ದು 1996ರಲ್ಲಿ, ವರದಕ್ಷಿಣೆ ಸಾವು ಮದುವೆಯಾದ 7 ವರ್ಷದೊಳಗಿನದು, ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 80.