ಒಲೆಯ ಹೊಗೆ

ದಂಡಿನಶಿವರದ ಸೀಮೆಯಲ್ಲಿ ತೆಂಗು ಅನ್ನವನ್ನೂ ನೀಡುತ್ತದೆ, ಸೌದೆಯನ್ನೂ ನೀಡುತ್ತದೆ. ಆದರೆ ಗರಿ, ಮಟ್ಟೆ, ಕರಟಗಳು ಉರಿಯುವಾಗ ಏಳುವ ಹೊಗೆಯು ಒಲೆಯ ಮುಂದೆ ಕುಳಿತ ತಾಯಿಯ ಎದೆಯನ್ನು ಸೇರುತ್ತದೆ. ಅದರ ದಪ್ಪ ಕಣಗಳನ್ನು ಮೂಗಿನ ಕೂದಲೂ ಶ್ವಾಸನಾಳದ ಲೋಳೆಯೂ ತಡೆಯುತ್ತವೆ. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯಬಲ್ಲವು. ಅಲ್ಲಿನ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆಯಾದರೂ ಮಸಿಯನ್ನು ಜೀರ್ಣಿಸಿಕೊಳ್ಳಲಾರವು. ಅವು ಸ್ರವಿಸುವ ರಾಸಾಯನಿಕಗಳಿಂದ ಉರಿಯೂತವುಂಟಾಗಿ ನೆರೆಯ ಜೀವಕೋಶಗಳೂ ಹಾನಿಗೊಳ್ಳುತ್ತವೆ. ವರ್ಷಗಟ್ಟಲೆ ಹೀಗಾದರೆ ಗಾಳಿಗೂಡುಗಳ ಗೋಡೆ ಶಿಥಿಲವಾಗಿ ಏದುಸಿರು ಕಾಡಬಹುದು.

ಈ ಹೊಗೆಯನ್ನು ಮನೆಯಿಂದ ಹೊರಗಟ್ಟಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯುಳ್ಳ ಒಲೆಯೊಂದನ್ನು ರೂಪಿಸಿತು. ಇದೇ ತುಮಕೂರು ಜಿಲ್ಲೆಯ ಉಂಗ್ರ ಗ್ರಾಮವು ಅದರ ಕಾರ್ಯಕ್ಷೇತ್ರವಾಗಿತ್ತು. ಹೊಗೆಗೆ ಹೊರದಾರಿ ಮಾಡಿಕೊಟ್ಟ ಮನೆಯು ತಾಯಿಯ ಉಸಿರನ್ನು ಕಾಯುತ್ತದೆ.