ಹದಿನೆಂಟು ತುಂಬಿದ ಮೇಲೂ ಕೈ ಬಿಡದಿರೋಣ



ಹೆತ್ತವರ ಆಸರೆ ತಪ್ಪಿ ಸರ್ಕಾರದ ಪಾಲನೆಗೆ ಬಂದ ಮಕ್ಕಳು ದೊಡ್ಡವರಾದ ಮೇಲೆ ಹೇಗಿರುತ್ತಾರೆ? ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಂದು ಅಧ್ಯಯನ ಇದನ್ನು ಹುಡುಕಿ ನೋಡಿತು. 1971ರಿಂದ 2001ರವರೆಗಿನ ಜನಗಣತಿಗಳಲ್ಲಿ ಮಕ್ಕಳಾಗಿದ್ದ ಮೂರೂವರೆ ಲಕ್ಷ ಜನರ ದಾಖಲೆಗಳನ್ನು 2013ರವರೆಗೆ ಪರಿಶೀಲಿಸಲಾಯಿತು. ಪಾಲನೆಯಲ್ಲಿದ್ದವರು ಅಕಾಲ ಮರಣಕ್ಕೀಡಾಗುವ ಸಾಧ್ಯತೆ ಉಳಿದವರಿಗಿಂತ ಶೇ. 70ರಷ್ಟು ಹೆಚ್ಚಿತ್ತು. ಈ ಅಂತರಕ್ಕೆ ಮುಖ್ಯ ಕಾರಣ ಅಪಘಾತ, ಆತ್ಮಹತ್ಯೆಯಂತಹ ತಡೆಯಬಹುದಾದ ಸಾವುಗಳು.

ಪಾಲನೆಯೇ ಕೇಡು ಎಂದು ಇದರ ಅರ್ಥವಲ್ಲ. ಈ ಮಕ್ಕಳಲ್ಲಿ ಅನೇಕರು ಬಡತನ, ಹಿಂಸೆ, ಅಗಲಿಕೆಯ ನೋವನ್ನು ಹೊತ್ತೇ ಬಂದಿರುತ್ತಾರೆ. ಅದೇ ದಾಖಲೆಗಳಲ್ಲಿ, ಬಂಧುಗಳ ಮನೆಯಲ್ಲಿ ಬೆಳೆದವರ ಆರೋಗ್ಯ ವಸತಿಗೃಹಗಳಲ್ಲಿ ಬೆಳೆದವರಿಗಿಂತ ಚೆನ್ನಾಗಿತ್ತು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ 18 ತುಂಬಿ ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ 21ರವರೆಗೆ ನೆರವು ನೀಡಲು ಅವಕಾಶ ಕೊಟ್ಟಿದೆ. ಆದ್ದರಿಂದ ಪಿಯುಸಿ ಮುಗಿದೊಡನೆ ಇಂತಹ ಮಕ್ಕಳ ವಿದ್ಯಾರ್ಥಿವೇತನ ನಿಲ್ಲಬಾರದು. ಮೊಮ್ಮಗನನ್ನೋ ಅಣ್ಣನ ಮಗಳನ್ನೋ ಸಾಕುತ್ತಿರುವವರು ಅರ್ಜಿಯಲ್ಲಿ ಅದನ್ನು ಸಂಕೋಚವಿಲ್ಲದೆ ನಮೂದಿಸಿ. ದಾನಿಗಳು ಒಂದು ಮಗುವಿನ ಕೈ ಹಿಡಿದರೆ, ಪದವಿ ಮುಗಿಯುವವರೆಗೂ ಜೊತೆಗಿರಬೇಕೆಂದು ಕೋರುತ್ತೇವೆ.